ಆರೋಗ್ಯವೂ ಸ್ವಾಸ್ಥ್ಯವೂ

(ಸಂಘದ ವಾರ್ಷಿಕೋತ್ಸವದ ನಿಮಿತ್ತ ಕೊಲ್ಲಾಪುರದಲ್ಲಿ ಮಾಡಿದ ಭಾಷಣದ ಪಾಠ)



ಗಡಿನಾಡಿನ ಕನ್ನಡಿಗರು ವರ್ಷಕ್ಕೊಮ್ಮೆ ಒಂದೆಡೆ ಕಲೆಯುವ ಈ ಸಮಾರಂಭದಲ್ಲಿ ಸಾಹಿತಿಗಳೋ ಇತಿಹಾಸಜ್ಞರೋ ನಿಂತು ಮಾತಾಡುವುದು ರೂಢಿ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಕನ್ನಡ ಶಾಸನಗಳ ವಿಚಾರವನ್ನು ಬಲ್ಲವರಿಂದ ಕೇಳಿ ನಾವೂ ಸಂತೋಷಪಟ್ಟವರೇ. ಈ ಸಲ ಕಾರ್ಯಕರ್ತರು ಒಬ್ಬ ವೈದ್ಯರನ್ನು ಕರೆದಿರುವರು. ಅದೂ ರೋಗಿಯಾಗಿರುವ ವೈದ್ಯರನ್ನು. "ನಿಮ್ಮ ಅನುಭವವನ್ನೇ ಹೇಳಿರಿ, ಪುಸ್ತಕದ್ದು ಬೇಡ" ಎಂದು ಕಾರ್ಯದರ್ಶಿಗಳು ಕಟ್ಟಪ್ಪಣೆ ಮಾಡಿದ್ದಾರೆ. ಪುಸ್ತಕದ್ದನ್ನು ಪೂರಾ ಬಿಡುವುದು ನಮ್ಮಿಂದಾಗದು. ಆದರೂ ಅಪ್ಪಣೆಯನ್ನು ಆದಷ್ಟು ಪಾಲಿಸುತ್ತೇವೆ.

ಮೊದಲಿಗೆ ನಮ್ಮ ಸಂಕೋಚವನ್ನು ಅರಿಕೆ ಮಾಡಿಕೊಳ್ಳಬೇಕು. ಇದು ಮಲ್ಲರ ಊರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿಯ ಮೈದಾನ ಇಲ್ಲಿಯೇ ಇದೆ. ಪೇಟೆ ಪೇಟೆಗೊಂದು ತಾಲೀಮು ಇದೆ. ಇಂಥ ಊರಿನಲ್ಲಿ ನಿಂತು ತಮ್ಮ ಕೈಗೆ ಬಲವಿಲ್ಲದ ಕಥೆಯನ್ನು ಹೇಳಹೊರಡುವುದು ಸುಲಭವಲ್ಲ. ಈ ಸಂಕೋಚವೇ ನಮ್ಮನ್ನು ಅರ್ಧ ಕೆಡಿಸಿತೆಂಬುದನ್ನು ಮುಂದೆ ನೀವೇ ಕಾಣುವಿರಿ.

ನಮ್ಮ ತವರು ಗಡಹಿಂಗ್ಲಜದ ಬಳಿ, ಹಿರಣ್ಯಕೇಶಿಯ ದಂಡೆ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತೆವು; ಮುಂದೆ ಮರಾಠಿಯಲ್ಲಿ, ಅದರ ಮುಂದೆ ಇಂಗ್ಲಿಷಿನಲ್ಲಿ ವೈದ್ಯಶಾಸ್ತ್ರ. ಲಗ್ನವಾದ ಮೇಲೆ ಇಚಲಕರಂಜಿಯಲ್ಲಿ ದವಾಖಾನೆಯನ್ನು ತೆರೆದೆವು. ವಿಠ್ಠಲರಾವ ದಾತಾರರು 1904ರಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದಂದಿನಿಂದ ಆ ಊರು ಮಗ್ಗದ ಸಪ್ಪಳದಲ್ಲಿಯೇ ಮಲಗಿ ಏಳುತ್ತದೆ. ಹೊಟ್ಟೆಪಾಡಿಗಾಗಿ ಬೆಳಗಾವಿ, ವಿಜಾಪುರಗಳ ಕಡೆಯಿಂದ ಬಂದ ಎಷ್ಟೋ ಮಂದಿ ಅಲ್ಲಿದ್ದಾರೆ. ಅವರಿಗೆ ನಾವು "ಡಾಕ್ಟರ ಬಾಯಾರು". ಬೆಳಿಗ್ಗೆ ಅರುವತ್ತು, ಸಂಜೆ ಅರುವತ್ತು ರೋಗಿಗಳು. ನೋಡುವುದು, ಬರೆಯುವುದು, ಕಳಿಸುವುದು. ಒಬ್ಬೊಬ್ಬರಿಗೆ ಎರಡು ಮಿನಿಟು ಸಿಕ್ಕರೆ ಹೆಚ್ಚು. ಇದನ್ನು ಹೆಮ್ಮೆಯೆಂದು ಆಗ ತಿಳಿದಿದ್ದೆವು.

1999ರ ಮಳೆಗಾಲ. ನಮಗೆ 41 ವರ್ಷ. ಒಂದು ಮುಂಜಾನೆ ಮುದುಕರೊಬ್ಬರ ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನು ಸುತ್ತಿ ರಬ್ಬರಿನ ಗುಂಡನ್ನು ಅದುಮಿದರೆ ಅದು ಅದುಮಲೊಲ್ಲದು. ಉಪಕರಣ ಕೆಟ್ಟಿದೆಯೆಂದು ಕಂಪೌಂಡರರಿಗೆ ಕೊಟ್ಟೆವು. ಅವರ ಕೈಯಲ್ಲಿ ಅದು ಸರಿಯಾಗಿಯೇ ಇತ್ತು. ಕೆಟ್ಟದ್ದು ನಮ್ಮ ಬೆರಳು. ಬುಡದ ಗೆಣ್ಣುಗಳು ಎರಡೂ ಕೈಯಲ್ಲಿ ಊದಿದ್ದವು, ಮುಷ್ಟಿ ಮುಚ್ಚುತ್ತಿರಲಿಲ್ಲ. ಹತ್ತು ಗಂಟೆಯಾಗುವ ಹೊತ್ತಿಗೆ ತಾನಾಗಿ ಸಡಲಿತು. ಮರುದಿನ ಮತ್ತೆ ಹಾಗೆಯೇ.

ಇದು ಆಮವಾತದ ಜಾತಿಯ ರೋಗ. ಇಂಗ್ಲಿಷಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವರು. ಹೊರಗಿನ ರೋಗಾಣುಗಳೊಡನೆ ಕಾದಾಡಬೇಕಾದ ಶರೀರದ ರಕ್ಷಕ ಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಒಳಪದರಿನ ಮೇಲೆ ಬೀಳುತ್ತದೆ. ಪದರು ಊದುತ್ತದೆ, ಬೆಳೆಯುತ್ತದೆ, ಕ್ರಮೇಣ ಎಲುಬನ್ನೇ ಸವೆಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಮುಪ್ಪಿನ ರೋಗವೆಂದು ಜನ ತಿಳಿಯುವರು. ಆದರೆ ಮೈತುಂಬ ಕೆಲಸವಿರುವ ನಡುವಯಸ್ಸಿನಲ್ಲಿಯೇ ಇದು ಬಹುಶಃ ಬರುವುದು. ಮೊದಲ ಕೆಲವು ತಿಂಗಳುಗಳೊಳಗೆ ಸರಿಯಾದ ಔಷಧವನ್ನು ಆರಂಭಿಸಿದರೆ ಕೀಲುಗಳನ್ನು ಉಳಿಸಿಕೊಳ್ಳಬಹುದು. ಇದೆಲ್ಲವೂ ನಮಗೆ ಬಾಯಿಪಾಠವಾಗಿತ್ತು. ಆದಾಗ್ಯೂ ನಾವು ಹದಿನಾಲ್ಕು ತಿಂಗಳನ್ನು ಕಳೆದೆವು.

ಹೇಗೆ ಕಳೆದೆವೆಂದು ಕೇಳಿರಿ. ಮೊದಲು ಬಚ್ಚಿಟ್ಟೆವು. ವೈದ್ಯರಿಗೇ ರೋಗವೆಂದರೆ ರೋಗಿಗಳು ಬಂದಾರೆಯೆ ಎಂಬ ಅಂಜಿಕೆ. ಸೀರೆಯ ಸೆರಗಿನಲ್ಲಿ ಕೈ ಮರೆಮಾಡಿಕೊಂಡು ಕೂಡುತ್ತಿದ್ದೆವು. ಆಮೇಲೆ ನಮ್ಮ ಕಪಾಟಿನೊಳಗಿನ ಪ್ರೆಡ್ನಿಸೊಲೋನ್ ಗುಳಿಗೆಗಳನ್ನು ಯಾರನ್ನೂ ಕೇಳದೆ ನುಂಗತೊಡಗಿದೆವು. ಆಹಾ, ಏನು ಸುಖ! ಮೂರನೆಯ ದಿನಕ್ಕೆ ಕೈ ಹೂವಿನಂತಾಯಿತು.

ಈ ಸುಖಕ್ಕೊಂದು ಇತಿಹಾಸವುಂಟು. 1948ರಲ್ಲಿ ಅಮೆರಿಕೆಯ ಮೇಯೋ ಚಿಕಿತ್ಸಾಲಯದಲ್ಲಿ ಡಾ. ಫಿಲಿಪ್ ಹೆಂಚ್ ಎಂಬವರು ಹಾಸಿಗೆ ಹಿಡಿದಿದ್ದ ತರುಣಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ದ್ರವ್ಯವನ್ನು ಮೊತ್ತಮೊದಲು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಲೋಕವೆಲ್ಲ ಬೆರಗಾಯಿತು, 1950ರಲ್ಲಿ ಹೆಂಚರಿಗೂ ಅವರ ಜೊತೆಯ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆ ಔಷಧವನ್ನು ಬಹುಕಾಲ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಲ್ಲಿ ಮುಖ ಉಬ್ಬುವುದು, ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು ಕಂಡುಬಂದಿತು. ಅಂದಿನಿಂದ ಇಂದಿನವರೆಗೆ ಅದು ಸಾಲ ತಂದ ಹಣದಂತೆ: ಅಡಚಣೆಯಲ್ಲಿ ಉಪಕಾರಿ, ನಿತ್ಯದ ಖರ್ಚಿಗೆ ಮಾರಕ. ವೈದ್ಯರು ಅಳೆದು ತೂಗಿ ಕೆಲಕಾಲ ಕೊಟ್ಟರೆ ದೋಷವಿಲ್ಲ. ನಾವು ಅಳೆಯದೆ ತಿಂದೆವು. ಕನ್ನಡಿಯಲ್ಲಿ ನಮ್ಮ ಮುಖ ಪೌರ್ಣಿಮೆಯ ಚಂದ್ರನಂತಾದಾಗ ನಮಗೆ ಕವಿತೆಯೇನೂ ಹೊಳೆಯಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಬಂಧುಗಳೊಬ್ಬರು ಜಾತ್ರೆಯೊಂದರಿಂದ ಬೂದುಬಣ್ಣದ ಪುಡಿಯ ಪೊಟ್ಟಣಗಳನ್ನು ತಂದುಕೊಟ್ಟು, "ಬರೇ ಗಿಡಮೂಲಿಕೆ" ಎಂದರು. ಗುಳಿಗೆಯನ್ನು ಕಡಿಮೆ ಮಾಡಿ ಪುಡಿಯನ್ನು ತಿಂದೆವು. ಅದೇ ಮೂರು ದಿನದ ಸುಖ. ಮೂಲಿಕೆ ಮೂರು ದಿನಕ್ಕೆ ಊತವಿಳಿಸುವುದು ಅಪರೂಪ, ಸ್ಟಿರಾಯ್ಡು ಇಳಿಸುವುದು ಸಹಜ ಎಂದು ಯಾವ ವಿದ್ಯಾರ್ಥಿಯೂ ಹೇಳಿಯಾನು. ನಮಗೂ ಸಂಶಯ ಬಂದಿತ್ತು. ಸಂಶಯವನ್ನು ತೀರಿಸಿಕೊಳ್ಳುವ ಮನಸ್ಸು ಬರಲಿಲ್ಲ, ಅಷ್ಟೇ. ಇಂಥ ಪುಡಿಯನ್ನು ಬಹುದಿನ ತಿಂದವರು ಒಮ್ಮೆಲೆ ಬಿಟ್ಟರೆ ಪ್ರಾಣಕ್ಕೇ ಅಪಾಯ ಒದಗಬಹುದು. ಏಕೆಂದರೆ ಶರೀರವು ತನ್ನದಾದ ಆ ರಸವನ್ನು ಉತ್ಪಾದಿಸುವುದನ್ನು ಮರೆತಿರುತ್ತದೆ. ಆದುದರಿಂದ ತಿನ್ನುತ್ತಿರುವವರು ಇಲ್ಲಿದ್ದರೆ ಹೆದರಿ ಚೆಲ್ಲಬೇಡಿರಿ; ಪೊಟ್ಟಣದೊಡನೆ ವೈದ್ಯರಲ್ಲಿಗೆ ಹೋಗಿರಿ.

ನಮ್ಮ ಕಣ್ಣು ತೆರೆಸಿದವರು ಯಾವ ತಜ್ಞರೂ ಅಲ್ಲ. ಜಮಖಂಡಿಯ ಕಡೆಯಿಂದ ಬಂದು ಮಗ್ಗದ ಕಾರಖಾನೆಯಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಗಳೊಬ್ಬಳು ಮಗುವಿನ ಜ್ವರಕ್ಕೆಂದು ಬಂದಿದ್ದಳು. ಚೀಟಿ ಬರೆಯುವಾಗ ಸೆರಗು ಜಾರಿತು. ಆಕೆ ನಮ್ಮ ಕೈಯನ್ನೇ ನೋಡಿ ಹೇಳಿದಳು: "ಬಾಯಾರ, ನಿಮ್ಮ ಕೈ ನೋಡಿದ್ರ ನಮ್ಮವ್ವನ ಕೈ ನೆಪ್ಪಾಗತಾವ್ರಿ. ಆಕಿನೂ ಹಿಂಗ ಮುಚ್ಚಿಟ್ಟು ಮುಚ್ಚಿಟ್ಟು ಕಡೀಕ ರೊಟ್ಟಿ ಬಡಿಯೂದ ಬಿಟ್ಟಳ್ರಿ. ನೀವಾರ ಯಾರಿಗರೆ ತೋರಿಸ್ರಿ." ನಮ್ಮ ಇಪ್ಪತ್ತು ವರ್ಷದ ವಿದ್ಯೆಗೆ ಆ ತಾಯಿ ಕೊಟ್ಟ ಸಲಹೆ ಅದು. ಫೀಯನ್ನು ನಾವೇ ಕೊಡಬೇಕಾಗಿತ್ತು.

ಪುಣೆಯಲ್ಲಿ ಸಂಧಿರೋಗದ ತಜ್ಞರನ್ನು ಕಂಡೆವು. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಸ್ಟಿರಾಯ್ಡನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಆರಂಭಿಸಿದರು. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕ ಔಷಧ. ಮರೆತು ದಿನಾಲು ನುಂಗಿದವರು ಸತ್ತ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ; ಆದಕಾರಣ ಈ ಒಂದು ಮಾತನ್ನು ಎರಡು ಸಲ ಹೇಳುತ್ತೇವೆ: ವಾರಕ್ಕೆ ಒಂದೇ ದಿನ. ನಮ್ಮದು ಸೋಮವಾರ. ಬೇರೆ ದಿನ ಫಾಲಿಕ್ ಆಮ್ಲದ ಗುಳಿಗೆ, ನಿಯಮಿತವಾಗಿ ರಕ್ತದ ಹಾಗೂ ಯಕೃತ್ತಿನ ಪರೀಕ್ಷೆ. ಬಸುರಾಗುವ ಇಚ್ಛೆಯುಳ್ಳವರು ಇದನ್ನು ತೆಗೆದುಕೊಳ್ಳಲಾಗದು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರು ದಿನದ ಸುಖ ಕಂಡವರಿಗೆ ಹನ್ನೆರಡು ವಾರವೆಂದರೆ ಒಂದು ಯುಗ.

ಯುಗ ಕಳೆಯಿತು, ಊತ ಇಳಿಯಿತು. ಪರೀಕ್ಷೆಯ ಕಾಗದವನ್ನು ನೋಡಿ ತಜ್ಞರು ಸಂತೋಷಪಟ್ಟರು. ಆದರೆ ನಾವು ಗುಣವಾಗಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ನಾಳೆ ಯಾವ ಕೀಲು ಹೋದೀತೆಂಬ ಚಿಂತೆ, ಮನೆಯವರ ಮೇಲೆ ಸಿಡಿಮಿಡಿ. ನೋಯುವುದೆಂದು ಕೈಯನ್ನು ಅಲುಗಾಡಿಸದೆ ಕೂತದ್ದರಿಂದ ತೋಳು ಒಣಗಿದ್ದವು. ಕಾಗದದ ಮೇಲೆ ರೋಗ ಕಡಿಮೆಯಾಗಿತ್ತು, ಮನುಷ್ಯರು ಮಾತ್ರ ಮೊದಲಿನಂತಾಗಿರಲಿಲ್ಲ.

ಆ ದಿನಗಳಲ್ಲಿಯೇ ನಮ್ಮ ಭಾಷೆಯ ಎರಡು ಶಬ್ದಗಳ ಅಂತರ ನಮಗೆ ತಿಳಿದದ್ದು. ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ. ಸ್ವಾಸ್ಥ್ಯವೆಂದರೆ ತನ್ನಲ್ಲಿ ತಾನು ನೆಲೆಯಾಗಿರುವಿಕೆ. ಸುಶ್ರುತಸಂಹಿತೆಯು ಸ್ವಸ್ಥನ ಲಕ್ಷಣವನ್ನು ಹೇಳುವಲ್ಲಿ ದೋಷ, ಅಗ್ನಿ, ಧಾತುಗಳ ಸಮತೆಯೊಡನೆ ಮನಸ್ಸು ಇಂದ್ರಿಯಗಳ ಪ್ರಸನ್ನತೆಯನ್ನೂ ಸೇರಿಸಿದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ದೇಹ, ಮನಸ್ಸು, ಸಮಾಜಜೀವನ ಮೂರರ ಕ್ಷೇಮವನ್ನೂ ಕೂಡಿಸಿಯೇ ಆರೋಗ್ಯವನ್ನು ವಿವರಿಸಿದೆ. ಆರೋಗ್ಯವು ನಮಗೆ ಮತ್ತೆ ಬಾರದು. ಈ ರೋಗ ಬೇರುಸಹಿತ ಹೋಗುವಂಥದಲ್ಲ. ಸ್ವಾಸ್ಥ್ಯವಾದರೂ ಬಂದೀತೆ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ.

ಔಷಧಕ್ಕೆಂದು ತಿಂಗಳಿಗೊಮ್ಮೆ ಪುಣೆಗೆ ಹೋಗುತ್ತಿದ್ದಾಗ ಅಲ್ಲಿಯ ಒಬ್ಬ ಕನ್ನಡಿಗರ ಜೀವನವೃತ್ತಾಂತ ನಮಗೆ ಪರಿಚಯವಾಯಿತು. ಬಿ. ಕೆ. ಎಸ್. ಅಯ್ಯಂಗಾರರ ಹೆಸರನ್ನು ಕೇಳದವರಿಲ್ಲ. ಆದರೆ ಅವರು ಎಂಥ ರೋಗಿಷ್ಠ ಬಾಲಕರಾಗಿದ್ದರೆಂಬುದನ್ನು ಬಲ್ಲವರು ಕಡಿಮೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ದಶಂಬರದಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿಯು ಮನೆಮನೆಯನ್ನು ಹೊಕ್ಕಿದ್ದ ಸಮಯದಲ್ಲಿ, ಅದೇ ಜ್ವರದಿಂದ ನರಳುತ್ತಿದ್ದ ತಾಯಿಯ ಹೊಟ್ಟೆಯಲ್ಲಿ ಅವರು ಜನಿಸಿದರು. ಮುಂದೆ ಮಲೇರಿಯಾ, ವಿಷಮಜ್ವರ, ಕ್ಷಯ. ಒಂಬತ್ತನೆಯ ವಯಸ್ಸಿಗೆ ತಂದೆಯೂ ಇಲ್ಲವಾದರು. 1934ರಲ್ಲಿ ಮೈಸೂರಿಗೆ ಅಕ್ಕನ ಮನೆಗೆ ಬಂದಾಗ ಭಾವ ತಿರುಮಲೈ ಕೃಷ್ಣಮಾಚಾರ್ಯರು ಈ ಬಡಕಲು ಹುಡುಗನಿಗೆ ಆಸನಗಳನ್ನು ಕಲಿಸಿದರು. ಗುರುಗಳೊಡನೆ ನಮ್ಮ ಉತ್ತರ ಕರ್ನಾಟಕದಲ್ಲಿ ಸಂಚರಿಸುವಾಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನರಾಗಿದ್ದ ಡಾ. ವಿ. ಬಿ. ಗೋಖಲೆಯವರ ಪರಿಚಯವಾಯಿತು. 1937ರಲ್ಲಿ ಆ ಡಾಕ್ಟರರ ಪ್ರಯತ್ನದಿಂದಲೇ ಅವರು ಪುಣೆಯ ಡೆಕ್ಕನ್ ಜಿಮಖಾನಾಕ್ಕೆ ಆರು ತಿಂಗಳ ಮಟ್ಟಿಗೆ ಶಿಕ್ಷಕರಾಗಿ ಬಂದರು. ವಯಸ್ಸು ಹದಿನೆಂಟು, ಮರಾಠಿ ಬಾರದು, ಕಲಿಯಬಂದವರು ಕಲಿಸುವವರಿಗಿಂತ ಗಟ್ಟಿಮುಟ್ಟು. ಗಡಿಯ ಈಚೆಗೆ ಬಂದು ಭಾಷೆಯಿಲ್ಲದೆ ಬಾಳು ಹೂಡಿದವರ ಪಾಡನ್ನು ಈ ಸಭೆಗೆ ಬಿಡಿಸಿ ಹೇಳಬೇಕಾದುದಿಲ್ಲ. ಆರು ತಿಂಗಳಿಗೆ ಬಂದವರು 2014ರ ಆಗಸ್ಟಿನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಪುಣೆಯಲ್ಲಿಯೇ ತೀರಿಕೊಂಡರು.

ಅವರ ಕೀರ್ತಿ, ಪಿಟೀಲು ವಿದ್ವಾಂಸ ಮೆನುಹಿನ್ನರ ಸ್ನೇಹ, 1966ರಲ್ಲಿ ಹೊರಬಂದ ಗ್ರಂಥ, ಇವು ನಮ್ಮ ಪ್ರಸಂಗಕ್ಕೆ ಬೇಕಾದುವಲ್ಲ. ನಮಗೆ ತಾಗಿದ್ದು 1979ರ ಸಂಗತಿ. ಅರುವತ್ತು ದಾಟಿದ ಆ ಮಹನೀಯರು ಸ್ಕೂಟರಿನ ಅಪಘಾತದಲ್ಲಿ ಬೆನ್ನುಮೂಳೆ ಭುಜಗಳಿಗೆ ಪೆಟ್ಟು ತಿಂದು, ಲೋಕಕ್ಕೆಲ್ಲ ಕಲಿಸಿದ ಆಸನಗಳನ್ನು ಹೊಸ ವಿದ್ಯಾರ್ಥಿಯಂತೆ ಮೊದಲಿನಿಂದ ಕಲಿಯಬೇಕಾಯಿತು. ಹಗ್ಗ, ಕುರ್ಚಿ, ಮರದ ಇಟ್ಟಿಗೆ, ಲೋಡು, ಇಂಥ ಸಾಮಾನುಗಳ ಆಸರೆಯಿಂದ ರೋಗಿಗಳೂ ಮುದುಕರೂ ಆಸನ ಮಾಡುವ ಬಗೆಯನ್ನು ಅವರು ಬೆಳೆಸಿದ್ದರು. ಆ ಆಸರೆಯನ್ನು ತಾವೂ ಹಿಡಿದರು. ಆಸರೆ ಹಿಡಿಯುವುದು ಅವಮಾನವಲ್ಲವೆಂದು ಸೆರಗಿನಲ್ಲಿ ಕೈ ಮುಚ್ಚುತ್ತಿದ್ದ ನಮಗೆ ಯಾರಾದರೂ ಹೇಳಬೇಕಾಗಿತ್ತು.

ಅವರ ಪದ್ಧತಿಯಲ್ಲಿ ಪಳಗಿದ ಶಿಕ್ಷಕಿಯೊಬ್ಬರ ಬಳಿಗೆ ಹೋದೆವು. ಏನೇನೋ ಕಠಿಣ ಆಸನಗಳನ್ನು ನಿರೀಕ್ಷಿಸಿದ್ದರೆ ಅವರು ಬೆನ್ನ ಕೆಳಗೆ ಒಂದು ಲೋಡು, ತಲೆಗೆ ಮಡಿಸಿದ ಕಂಬಳಿ ಇಟ್ಟು ಮಲಗಿಸಿದರು. "ಏನು ಮಾಡಲಿ?" ಎಂದರೆ "ಏನೂ ಮಾಡಬೇಡಿರಿ, ಉಸಿರನ್ನು ನೋಡಿರಿ" ಎಂದರು. ಮೊದಲ ದಿನ ನಮಗೆ ಅಳು ಬಂದಿತು. ಏಕೆಂದು ಇಂದಿಗೂ ಅರಿಯೆವು. ಮೂರು ವಾರದ ಮೇಲೆ ಗೋಡೆಗೆ ಆತು ನಿಲ್ಲಿಸಿದರು. ಇಂದಿಗೂ ನಮ್ಮ ಅಭ್ಯಾಸ ಅಷ್ಟರದೇ: ಗೋಡೆ, ಅಡಿಗೆಮನೆಯ ಕುರ್ಚಿ, ಎರಡು ದಿಂಬು, ಮುಂಜಾನೆ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳಾಡಿಸುವುದು, ಸಂಜೆ ನಡಿಗೆ. ಊತವೆದ್ದ ದಿನ ಆ ಕೀಲಿಗೆ ವಿಶ್ರಾಂತಿ. ಇದರಿಂದ ರೋಗ ಹೋಯಿತೆಂದು ನಾವು ಹೇಳುವುದಿಲ್ಲ, ಹೇಳಿದವರನ್ನು ನೀವು ನಂಬಬೇಡಿರಿ. ಸೋಮವಾರದ ಗುಳಿಗೆ ಒಂದು ವಾರವೂ ತಪ್ಪಿಲ್ಲ. ತೋಳಿಗೆ ಬಲ ಬಂದಿತು, ನಿದ್ದೆ ಬಂದಿತು, ಅಂಜಿಕೆ ಅರ್ಧವಾಯಿತು.

ಪಥ್ಯದ ವಿಚಾರ ಚಿಕ್ಕದು. ಬದನೆ ಬಿಡಿರಿ, ಹುಣಿಸೆ ಬಿಡಿರಿ, ಮೊಸರು ಬಿಡಿರಿ ಎಂದು ಹೇಳದವರಿಲ್ಲ. ಎರಡು ತಿಂಗಳು ಮೊಸರು ಬಿಟ್ಟು ನೋಡಿದೆವು. ಕೀಲು ಹಾಗೆಯೇ ಇದ್ದವು, ಊಟದ ರುಚಿ ಹೋಯಿತು. ಮತ್ತೆ ಮೊಸರಿಗೆ ಬಂದೆವು. ಮೈಯ ಭಾರ ಇಳಿಸಿದ್ದು ಮಾತ್ರ ಮೊಣಕಾಲಿಗೆ ಉಪಕಾರ ಮಾಡಿತು. ತಂಬಾಕಿನ ಹೊಗೆ ಈ ರೋಗವನ್ನು ಕೆರಳಿಸುವುದು ಸಿದ್ಧವಾದ ಸಂಗತಿ. ಬೀಡಿ ಸೇದುವವರು ಬದನೆಯನ್ನು ಬಿಡುವುದು ವಿನೋದವೇ ಸರಿ.

ರೊಟ್ಟಿಯ ವಿಚಾರ ಮಾತ್ರ ದೊಡ್ಡದು. ಜೋಳದ ರೊಟ್ಟಿ ಬಡಿಯುವ ಕೈಗೆ ಬೆರಳ ಬುಡದ ಗೆಣ್ಣುಗಳೇ ಆಧಾರ. ನಮ್ಮ ಅತ್ತೆಯವರು ಹಳೆಯ ಕಾಲದವರು. ಸೊಸೆ ಡಾಕ್ಟರಳಾದರೂ ರೊಟ್ಟಿ ಸೊಸೆಯದೇ ಎಂಬ ನಿಯಮ. ನಾವೂ ಹಲ್ಲು ಕಚ್ಚಿ ಬಡಿದೆವು. ಕೊನೆಗೊಂದು ರಾತ್ರಿ ಕೊಣಮಿಗೆಯ ಮುಂದೆ ಕೂತು, "ಅತ್ತಿ, ನನ್ನಿಂದ ಆಗೂದಿಲ್ಲರಿ" ಎಂದುಬಿಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೊದಲ ಯಾಕ ಹೇಳಲಿಲ್ಲ ತಂಗಿ?" ಎಂದರು. ಮರುದಿನದಿಂದ ನಮ್ಮ ಯಜಮಾನರು ಹಿಟ್ಟು ನಾದತೊಡಗಿದರು. ಮೊದಮೊದಲು ಅವರ ರೊಟ್ಟಿ ಮಹಾರಾಷ್ಟ್ರದ ನಕಾಶೆಯಂತಿದ್ದಿತು, ಅತ್ತೆಯವರು ತಿಂದರು. ಸಂಜೆಯ ದವಾಖಾನೆಯನ್ನು ಮುಚ್ಚಿದೆವು. ಸಂಪಾದನೆ ಇಳಿಯಿತು, ಮಗಳ ಶಿಕ್ಷಣಕ್ಕೆ ಸಾಲ ಮಾಡಬೇಕಾಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ವಾಸ್ಥ್ಯಕ್ಕೆ ಬೆಲೆಯುಂಟು, ಎಲ್ಲ ಮನೆಗಳಿಗೆ ಅದನ್ನು ತೆರುವ ಶಕ್ತಿಯಿಲ್ಲ. ಮಗ್ಗದ ಹೆಣ್ಣುಮಗಳಿಗೆ "ವಿಶ್ರಾಂತಿ ತಗೋ" ಎಂದು ಚೀಟಿಯಲ್ಲಿ ಬರೆಯುವಾಗ ಇಂದಿಗೂ ನಮ್ಮ ಕೈ ತಡೆಯುತ್ತದೆ.

ಆದರೆ ಉಳಿದ ಹೊತ್ತಿನಲ್ಲಿ ಒಂದು ಲಾಭವಾಯಿತು. ರೋಗಿಗಳ ಮಾತನ್ನು ಕೇಳಲು ಕಲಿತೆವು. ಇಪ್ಪತ್ತು ವರ್ಷ ನಾವು "ಕೀಲುನೋವು" ಎಂದು ಇಂಗ್ಲಿಷಿನ ಎರಡು ಶಬ್ದ ಬರೆದು ಮುಗಿಸುತ್ತಿದ್ದೆವು. ನಮ್ಮ ಜನರಲ್ಲಿ ನೋವಿಗೆ ಎಷ್ಟು ಶಬ್ದಗಳು! ಚಳಕು, ಸೆಳೆತ, ಸಿಡಿತ, ಜುಮುಜುಮು, ಉರಿ, ಹಿಡಿತ. ಒಂದರಂತೆ ಒಂದಿಲ್ಲ. "ಮುಂಜಾನೆ ಕೈ ಬಿಗೀತಾವ್ರಿ, ಉಣ್ಣೂ ಹೊತ್ತಿಗೆ ಸಡಲತಾವ್ರಿ" ಎಂದವರ ರೋಗ ನಮ್ಮದರ ಜಾತಿಯದಿರಬಹುದು. ತಡಮಾಡದೆ ರಕ್ತ ಪರೀಕ್ಷಿಸಬೇಕು. "ದುಡಿದ ಮ್ಯಾಲ ನೋಯತಾವ್ರಿ, ಕುಂತ್ರ ಹಾಯನಸತೈತ್ರಿ" ಎಂದವರದು ಬಹುಮಟ್ಟಿಗೆ ಸವೆತದ ನೋವು, ದಾರಿ ಬೇರೆ. ಎಕ್ಸ್‌ರೇಗಿಂತ ಮೊದಲು ಆ ಒಂದು ವಾಕ್ಯವೇ ಹೇಳಿಬಿಡುತ್ತದೆ. ಅದನ್ನು ಆ ಮುದುಕಿ ಬಾರದ ಭಾಷೆಯಲ್ಲಿ ತಡವರಿಸಿ "ದುಖ್ತಯ್" ಎಂದಷ್ಟೇ ಹೇಳಿದಾಗ ಬಿಗಿತವೂ ಹೋಯಿತು, ಸಡಲಿಕೆಯೂ ಹೋಯಿತು, ರೋಗವೂ ತಪ್ಪಿತು. ಮರಾಠಿ ಬಲ್ಲ ವೈದ್ಯಮಿತ್ರರ ದೋಷವಿದಲ್ಲ. ಮರಾಠಿಯ ಮುದುಕಿ ಮರಾಠಿಯಲ್ಲಿ ಇಷ್ಟೇ ಸೊಗಸಾಗಿ ಹೇಳುವಳು. ಈ ನಾಡಿನ ದವಾಖಾನೆಗಳಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಬೇಕೆಂದು ಸಂಘವು ಬೇಡುವಾಗ ಅದನ್ನು ಬರಿಯ ಅಭಿಮಾನದ ಮಾತೆಂದು ತಿಳಿಯುವವರಿಗೆ ನಾವು ಈ ಎರಡು ವಾಕ್ಯಗಳನ್ನು ತೋರಿಸಬಯಸುತ್ತೇವೆ.

ಎರಡು ವರ್ಷಗಳ ಹಿಂದೆ ಅದೇ ಕಂಡಿಕೆ ಸುತ್ತುವ ತಾಯಿ ಮತ್ತೆ ಬಂದಳು. ಈಗ ಆಕೆಯ ತಲೆ ನರೆತಿದೆ. ಅಂದು ಜ್ವರದಲ್ಲಿದ್ದ ಮಗುವೇ ಬೆಳೆದು ತಾಯಿಯಾಗಿ ಜೊತೆಗೆ ಬಂದಿದ್ದಾಳೆ. "ಬಾಯಾರ, ಇಕಿನ ಕೈ ಮುಂಜಾನೆ ಬಿಗೀಲಿಕ್ಕತ್ತಾವ್ರಿ, ಆರು ವಾರಾತು. ಮುಚ್ಚಿಡಬ್ಯಾಡ ಅಂತ ನಾನ ಎಳಕೊಂಡು ಬಂದೀನ್ರಿ" ಎಂದಳು. ರಕ್ತವನ್ನು ಪರೀಕ್ಷೆಗೆ ಕಳಿಸಿದೆವು, ನಮ್ಮದೇ ರೋಗ. ಔಷಧ ಏಳನೆಯ ವಾರಕ್ಕೆ ಆರಂಭವಾಯಿತು. ಆ ಹುಡುಗಿಯ ಬೆರಳು ಇಂದಿಗೂ ನೆಟ್ಟಗಿವೆ. ನಮ್ಮವು ಎರಡು ಸೊಟ್ಟಗಾಗಿವೆ, ಇಗೋ ನೋಡಿರಿ; ಹಿಂದಿನ ಮಳೆಗಾಲದಲ್ಲಿ ಮಣಿಕಟ್ಟು ಮತ್ತೆ ಊದಿ ಮೂರು ವಾರ ಬಾಚಣಿಗೆ ಹಿಡಿಯಲಾಗಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿರುವರು. ಸಭೆ ಮುಗಿದ ಮೇಲೆ ನಾವು ಪಕ್ಕದ ಕೋಣೆಯಲ್ಲಿ ಸಂಜೆಯ ಬಸ್ಸಿನವರೆಗೆ ಕೂತಿರುತ್ತೇವೆ. ಮುಂಜಾನೆ ಕೈ ಬಿಗಿಯುವವರು ಬರಬಹುದು. ಪುಡಿ ತಿನ್ನುವವರು ಪೊಟ್ಟಣ ತಂದಿದ್ದರೆ ಅದನ್ನೂ ತೋರಿಸಬಹುದು. ಕಾಗದ ಪತ್ರ ಯಾವ ಭಾಷೆಯಲ್ಲಿದ್ದರೂ ಸರಿ, ನೋವನ್ನು ಮಾತ್ರ ಮನೆಯ ಮಾತಿನಲ್ಲಿಯೇ ಹೇಳಿರಿ.